ಸಿಸೇರಿಯನ್ ಮಗುವಿಗೆ ಮುಂದೆ ಆಟೋಇಮ್ಯೂನ್ ಕಾಯಿಲೆ ಬರುತ್ತಾ? ಹೆದರುವ ಮೊದಲು ಇಷ್ಟು ಮಾಡಿ

ಸಿಸೇರಿಯನ್ ಆದರೆ ಮಗುವಿಗೆ ಮುಂದೆ ಶುಗರ್ ಬರುತ್ತದಂತೆ, ಕೀಲುವಾತ ಬರುತ್ತದಂತೆ ಅಂತ ಯಾರೋ ಹೇಳಿದ್ದನ್ನು ಕೇಳಿ ಎಷ್ಟೋ ಬಾಣಂತಿಯರು ನಿದ್ದೆಗೆಡುತ್ತಾರೆ. ಆಟೋಇಮ್ಯೂನ್ ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ದೇಹದ ಮೇಲೆ ದಾಳಿ ಮಾಡುವ ಕಾಯಿಲೆ. ಮೊದಲು ಲೆಕ್ಕ ನೋಡಿ. 2008ರಲ್ಲಿ 20 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಸೇರಿಯನ್ ಮಕ್ಕಳಲ್ಲಿ ಟೈಪ್ 1 ಡಯಾಬಿಟಿಸ್ (ಇಂಥ ದಾಳಿಯಿಂದ ದೇಹದಲ್ಲಿ ಇನ್ಸುಲಿನ್ ತಯಾರಾಗದೆ ಬರುವ ಶುಗರ್) ಸುಮಾರು ಶೇ 20ರಷ್ಟು ಜಾಸ್ತಿ ಕಂಡಿತ್ತು. ಕೇಳಲು ದೊಡ್ಡದು ಅಲ್ವಾ? ಆದರೆ 10 ಸಾವಿರ ಮಕ್ಕಳಲ್ಲಿ 10 ಮಂದಿಗೆ ಬರುವ ಕಾಯಿಲೆ ಅಂತ ಇಟ್ಟುಕೊಂಡರೆ ಅದು 12 ಆಗುತ್ತದೆ, ಅಷ್ಟೇ. 2014ರಲ್ಲಿ ಸ್ವೀಡನ್‌ನಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಆ ವ್ಯತ್ಯಾಸವೂ ಉಳಿಯಲಿಲ್ಲ. ಡೆನ್ಮಾರ್ಕ್‌ನ ಸುಮಾರು 19 ಲಕ್ಷ ಮಕ್ಕಳ ಅಧ್ಯಯನದಲ್ಲಿ ಮಕ್ಕಳ ಕೀಲುವಾತ, ಕರುಳಿನ ಉರಿಯೂತ ಸ್ವಲ್ಪ ಜಾಸ್ತಿ ಕಂಡವು, ಟೈಪ್ 1 ಜಾಸ್ತಿ ಕಾಣಲಿಲ್ಲ.

ಸಿಸೇರಿಯನ್‌ಗೂ ಈ ಕಾಯಿಲೆಗಳಿಗೂ ಏನು ನಂಟು? ಅನುಮಾನ ಇರುವುದು ರೋಗನಿರೋಧಕ ಶಕ್ತಿಯನ್ನು ಪಳಗಿಸುವ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ. ಸಹಜ ಹೆರಿಗೆಯಲ್ಲಿ ಮಗುವಿಗೆ ತಾಯಿಯ ಕರುಳಿನ ಬ್ಯಾಕ್ಟೀರಿಯಾ ಸಿಗುತ್ತದೆ. ಸಿಸೇರಿಯನ್‌ನಲ್ಲಿ ಅದು ಕಡಿಮೆ, ಆಸ್ಪತ್ರೆಯದ್ದೇ ಜಾಸ್ತಿ. ತಿಂಗಳುಗಳು ಕಳೆದಂತೆ ಈ ಅಂತರವೂ ಕಿರಿದಾಗುತ್ತದೆ.

ಹೆರಿಗೆಗೆ ಮುಂಚೆ ಡಾಕ್ಟರನ್ನು ನೇರವಾಗಿ ಕೇಳಿ: ಆಪರೇಷನ್ ಯಾಕೆ ಬೇಕು, ಕಾದರೆ ಏನಾಗುತ್ತದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳ ಅರ್ಧಕ್ಕಿಂತ ಜಾಸ್ತಿ ಹೆರಿಗೆ ಸಿಸೇರಿಯನ್. ಒಳ್ಳೆಯ ನಕ್ಷತ್ರ ನೋಡಿ ಸಮಯ ಇಟ್ಟು ಕೊಯ್ಯಿಸುವುದನ್ನಂತೂ ದಯವಿಟ್ಟು ಬಿಡಿ. ಆದರೆ ಮಗುವಿನ ಎದೆಬಡಿತ ಇಳಿಯುತ್ತಿದೆ, ಮಾಸು ಅಡ್ಡ ಇದೆ ಅಂದಾಗ ಒಂದು ಕ್ಷಣವೂ ಹಿಂದೆಮುಂದೆ ನೋಡಬೇಡಿ, ಆಗ ಆಪರೇಷನ್ನೇ ಇಬ್ಬರ ಜೀವ ಉಳಿಸುವುದು.

ಆಪರೇಷನ್ ಆಯಿತಾ? ಸಾಧ್ಯವಾದರೆ ಒಂದು ಗಂಟೆಯೊಳಗೇ ಎದೆಹಾಲು ಕೊಡಿ. ಹೊಲಿಗೆಯ ಮೇಲೆ ಭಾರ ಬೀಳದ ಹಾಗೆ ಮಗುವನ್ನು ಕಂಕುಳಡಿ ಹಿಡಿಯಿರಿ: ಪಕ್ಕದಲ್ಲಿ ದಿಂಬು, ಅದರ ಮೇಲೆ ಮಗು, ಕಾಲು ನಿಮ್ಮ ಬೆನ್ನಿನ ಕಡೆಗೆ, ತಲೆ ನಿಮ್ಮ ಅಂಗೈಯಲ್ಲಿ. ಕೂರಲು ಆಗದಿದ್ದರೆ ಮಗ್ಗುಲಾಗಿ ಮಲಗಿ ಕುಡಿಸಿ. ಗಿಣ್ಣುಹಾಲು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು ನೆಕ್ಕಿಸಲು ಅಜ್ಜಿ ಬಂದರೆ ನಯವಾಗಿ ತಡೆಯಿರಿ. ಆರು ತಿಂಗಳು ಬರೀ ಎದೆಹಾಲು. ಹಾಲು ಸಾಲದೆ ಪುಡಿಹಾಲು ಕೊಡಬೇಕಾಗಿ ಬಂದರೂ ಅದು ನಿಮ್ಮ ತಪ್ಪಲ್ಲ.

ನೆಗಡಿಯಾದ ತಕ್ಷಣ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ಕುಡಿಸಬೇಡಿ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ. ಡಾಕ್ಟರ್ ಬರೆದುಕೊಟ್ಟರೆ ಮಧ್ಯದಲ್ಲಿ ನಿಲ್ಲಿಸಲೂಬೇಡಿ. ಬ್ಯಾಕ್ಟೀರಿಯಾ ಸಿಗಲಿ ಅಂತ ತಾಯಿಯ ಯೋನಿದ್ರವವನ್ನು ಬಟ್ಟೆಯಲ್ಲಿ ತೆಗೆದು ಮಗುವಿಗೆ ಸವರುವುದನ್ನು ಎಲ್ಲಾದರೂ ಓದಿದ್ದರೆ ಮನೆಯಲ್ಲಿ ಮಾಡಲೇಬೇಡಿ, ಸೋಂಕು ದಾಟಬಹುದು.

ಹೆರಿಗೆ ಹೇಗೇ ಆಗಿರಲಿ, ಟೈಪ್ 1ರ ಲಕ್ಷಣ ಗೊತ್ತಿರಬೇಕು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ಪದೇ ಪದೇ ನೀರು ಕೇಳಿದರೆ, ತಿಂದರೂ ಸೊರಗುತ್ತಿದ್ದರೆ, ಮೂತ್ರಕ್ಕೆ ಇರುವೆ ಮುತ್ತಿದರೆ ಅವತ್ತೇ ಶುಗರ್ ಟೆಸ್ಟ್ ಮಾಡಿಸಿ. ಜೊತೆಗೆ ವಾಂತಿ, ಜೋರು ಉಸಿರಾಟ ಇದ್ದರೆ ಬೆಳಗಾಗಲಿ ಅಂತ ಕಾಯದೆ ನೇರ ಆಸ್ಪತ್ರೆಗೆ ಓಡಿ.