ಗರ್ಭಿಣಿಯರು ಸೈಕಲ್ ತುಳಿಯುವ ಬಗೆ

ಮೊದಲು ಪ್ರಸೂತಿ ವೈದ್ಯರ ಒಪ್ಪಿಗೆ ಪಡೆಯಿರಿ. ರಕ್ತಸ್ರಾವವಾಗುತ್ತಿದ್ದರೆ ಅಥವಾ ರಕ್ತದೊತ್ತಡ ಏರಿದ್ದರೆ ಅವರು ಬೇಡವೆನ್ನಬಹುದು. ಹೊಟ್ಟೆ ಮುಂದೆ ಬಂದಂತೆ ದೇಹದ ಭಾರದ ಹಂಚಿಕೆಯೇ ಬದಲಾಗಿ ಆಯ ತಪ್ಪುವುದು ಸುಲಭವಾದ್ದರಿಂದ, ಹಂಪು, ಗುಂಡಿಗಳ ನಮ್ಮ ರಸ್ತೆಗಳನ್ನು ಬಿಟ್ಟು, ನಾಲ್ಕನೆಯ ತಿಂಗಳಿನಿಂದ ಮನೆಯೊಳಗಿನ ವ್ಯಾಯಾಮದ ಸೈಕಲ್ಲನ್ನೇ ಬಳಸುವುದು ಲೇಸೆಂದು ನನ್ನ ಅಭಿಪ್ರಾಯ. ತುಳಿಯುವಾಗ ಮೊಣಕಾಲು ಹೊಟ್ಟೆಗೆ ತಾಗತೊಡಗಿದರೆ ಹ್ಯಾಂಡಲ್ಲನ್ನು ಎತ್ತರಿಸಿ, ಬೆನ್ನು ನೆಟ್ಟಗಾಗುವಂತೆ ಕುಳಿತು, ಮೊಣಕಾಲುಗಳನ್ನು ತುಸು ಹೊರಕ್ಕೆ ತಿರುಗಿಸಿಕೊಳ್ಳಿ. ಏದುಸಿರಿಲ್ಲದೆ ಪಕ್ಕದವರೊಡನೆ ಮಾತನಾಡುವಷ್ಟು ವೇಗ ಸಾಕು. ವಾರಕ್ಕೆ ಒಟ್ಟು 150 ನಿಮಿಷಗಳ ಸಾಧಾರಣ ವ್ಯಾಯಾಮವನ್ನು ವೈದ್ಯಲೋಕ ಸೂಚಿಸುತ್ತದೆ. ನ್ಯೂಜಿಲೆಂಡಿನ ಸಂಸದೆ ಜೂಲಿ ಆನ್ ಜೆಂಟರ್ 2021ರಲ್ಲಿ ಹೆರಿಗೆನೋವಿನಲ್ಲೇ ಸೈಕಲ್ಲೇರಿ ಆಸ್ಪತ್ರೆ ಸೇರಿದ್ದುಂಟು, ಅದು ಅನುಕರಣೀಯವಲ್ಲ. ತಲೆಸುತ್ತು, ಎದೆನೋವು, ರಕ್ತ ಅಥವಾ ನೀರು ಹೋಗುವುದು ಕಂಡರೆ ತಕ್ಷಣ ಇಳಿದು ವೈದ್ಯರನ್ನು ಕಾಣಿರಿ.