‘ತಳ್ಳಿ’ ಎಂಬ ಚೀಟಿ ಮತ್ತು ಹನ್ನೊಂದು ಸೂಚನೆಗಳು

ನಾನು ಜಾಲತಾಣಗಳನ್ನು ಕಟ್ಟುವ ಕೆಲಸ ಮಾಡುತ್ತೇನೆ. ಇಲ್ಲಿ ಹೇಳಹೊರಟಿರುವುದು ಒಂದು ನೋಂದಣಿ ಅರ್ಜಿಯನ್ನು ತಿದ್ದಿದ ಕಥೆಯಾದರೂ, ಆ ತಿದ್ದುವಿಕೆಯ ದಾರಿ ನನಗೆ ಹೊಳೆದದ್ದು ನಮ್ಮ ಕಚೇರಿಯ ಗಾಜಿನ ಬಾಗಿಲಿನ ಮುಂದೆ. ಆ ಬಾಗಿಲಿಗೆ ಒಳಗೂ ಹೊರಗೂ ಒಂದೇ ಬಗೆಯ ಉದ್ದನೆಯ ಹಿಡಿಯಿದೆ. ಹಿಡಿ ಕಂಡ ಕೈ ಎಳೆಯುತ್ತದೆ. ಆದರೆ ಒಳಗೆ ಬರುವವರು ತಳ್ಳಬೇಕು. ಯಾರೋ ‘ತಳ್ಳಿ’ ಎಂದು ಒಂದು ಚೀಟಿ ಅಂಟಿಸಿದರು. ಅದು ಸಾಲದೆ, ಕೆಲವೇ ದಿನಗಳಲ್ಲಿ ಇನ್ನೂ ದೊಡ್ಡ ಅಕ್ಷರಗಳ ಮತ್ತೊಂದು ಚೀಟಿ ಬಂತು. ಎರಡನ್ನೂ ದಿನವೂ ನೋಡುವ ನಾನೇ ಆಗಾಗ ಎಳೆದು, ಪೆಚ್ಚಾಗಿ ನಿಲ್ಲುತ್ತಿದ್ದೆ. ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಬರೆದ ಡೊನಾಲ್ಡ್ ನಾರ್ಮನ್ ಅವರ ಹೆಸರಿನಲ್ಲಿ ಇಂಥವನ್ನು ನಮ್ಮ ವೃತ್ತಿಯವರು ‘ನಾರ್ಮನ್ ಬಾಗಿಲು’ ಎನ್ನುತ್ತಾರೆ. ಹಿಡಿಯ ಜಾಗದಲ್ಲಿ ಒಂದು ಚಪ್ಪಟೆ ತಗಡಿದ್ದರೆ ಎಳೆಯಲು ಏನೂ ಸಿಗದೆ ಕೈ ತಾನಾಗಿಯೇ ತಳ್ಳುತ್ತಿತ್ತು, ಚೀಟಿಯ ಮಾತೇ ಬರುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಮಾಡಿಕೊಟ್ಟಿದ್ದ ಅರ್ಜಿಯ ಬಗ್ಗೆ ದೂರುಗಳು ಬರುತ್ತಲೇ ಇದ್ದವು. ‘ತುಂಬಿದೆ, ಹೋಗುತ್ತಿಲ್ಲ’ ಎಂಬುದು ಅವುಗಳಲ್ಲಿ ಬಹುಪಾಲಿನ ಸಾರ. ಪ್ರತಿ ದೂರಿಗೂ ನಾನು ಅರ್ಜಿಯ ತಲೆಯ ಮೇಲೆ ಒಂದು ಸೂಚನೆ ಸೇರಿಸುತ್ತಿದ್ದೆ: ಫೋನ್ ಸಂಖ್ಯೆಯ ನಡುವೆ ಜಾಗ ಬಿಡಬೇಡಿ, ಬಟನ್ ಅನ್ನು ಎರಡು ಸಲ ಒತ್ತಬೇಡಿ, ಹೀಗೆ. ಒಂದು ದಿನ ಎಣಿಸಿ ನೋಡಿದರೆ ಹನ್ನೊಂದು ಸೂಚನೆಗಳಿದ್ದವು, ಎಲ್ಲವೂ ಕೆಂಪು ಅಕ್ಷರಗಳಲ್ಲಿ. ಬಾಗಿಲಿಗೆ ಅಂಟಿಸಿದ್ದ ಚೀಟಿಗಳನ್ನು ನೋಡಿ ನಕ್ಕಿದ್ದ ನಾನು ಹನ್ನೊಂದು ಚೀಟಿಗಳನ್ನು ಅಂಟಿಸಿದ್ದೆ.

ಹಾಗಾಗಿ ಐದು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿ, ಅರ್ಜಿ ತುಂಬುವುದನ್ನು ಪಕ್ಕದಲ್ಲಿದ್ದು ನೋಡಿದೆ. ಐದು ಎಂಬ ಸಂಖ್ಯೆ ಬಳಕೆಯ ಪರೀಕ್ಷೆಯಲ್ಲಿ ದುಡಿದ ಯಾಕೋಬ್ ನೀಲ್ಸನ್ ಅವರ ಸಲಹೆಯಿಂದ ಬಂದದ್ದು. ಒಂದು ಸುತ್ತಿಗೆ ಅಷ್ಟು ಜನ ಸಾಕು, ತಿದ್ದಿದ ಮೇಲೆ ಮತ್ತೆ ಪರೀಕ್ಷಿಸಬೇಕು ಎಂಬುದು ಅವರ ವಾದ. ಅದನ್ನು ಒಪ್ಪದವರೂ ಇದ್ದಾರೆ; ನನ್ನ ಮಟ್ಟಿಗೆ ಮೂರನೆಯವರು ಏಳುವ ಹೊತ್ತಿಗೆ ಮಾಡಬೇಕಾದ ಕೆಲಸ ಸಾಕಷ್ಟು ಸಿಕ್ಕಿತ್ತು. ಕಷ್ಟವಾದದ್ದು ಸುಮ್ಮನೆ ಕೂರುವುದು. ಯಾರಾದರೂ ತಡವರಿಸಿದ ಕೂಡಲೇ ‘ಅಲ್ಲಿ ಒತ್ತಿ’ ಎನ್ನಲು ನಾಲಿಗೆ ತುರಿಸುತ್ತದೆ, ಆದರೆ ಹಾಗೆ ಹೇಳಿದರೆ ಆ ಹೊತ್ತಿನ ಪರೀಕ್ಷೆ ಕೆಟ್ಟಂತೆಯೇ.

ಹನ್ನೊಂದು ಸೂಚನೆಗಳನ್ನು ಐವರಲ್ಲಿ ಒಬ್ಬರೂ ಓದಲಿಲ್ಲ. ಎಲ್ಲರ ಕಣ್ಣೂ ಮೊದಲ ಖಾಲಿ ಚೌಕಕ್ಕೇ ಹೋಯಿತು.

ಮೊದಲು ಕುಳಿತ ಹಿರಿಯರು ಫೋನ್ ಸಂಖ್ಯೆಯನ್ನು ಬಾಯಲ್ಲಿ ಹೇಳುವಂತೆಯೇ, ಅರ್ಧದಲ್ಲಿ ಒಂದು ಜಾಗ ಬಿಟ್ಟು ಬರೆದರು. ಅರ್ಜಿ ಅದನ್ನು ಒಪ್ಪಲಿಲ್ಲ. ಆದರೆ ‘ಅಮಾನ್ಯ ಮಾಹಿತಿ’ ಎಂಬ ಸಂದೇಶ ಮೂಡಿದ್ದು ಪುಟದ ಮೇಲ್ತುದಿಯಲ್ಲಿ, ಅವರು ಇದ್ದದ್ದು ಪುಟದ ತಳದಲ್ಲಿ. ಅವರ ಪಾಲಿಗೆ ಏನೂ ಆಗಿರಲಿಲ್ಲ. ಮತ್ತೆ ಒತ್ತಿದರು, ಮತ್ತೆ ಏನೂ ಆಗಲಿಲ್ಲ. ಎರಡನೆಯವರಿಗೆ ನಡುವೆ ಒಂದು ಕರೆ ಬಂತು. ಮಾತು ಮುಗಿಸಿ ಬಂದು ನೋಡಿದರೆ ಯಾವ ಚೌಕದಲ್ಲಿ ಏನು ಕೇಳಿದೆ ಎಂಬುದೇ ತಿಳಿಯದು, ಏಕೆಂದರೆ ನಾನು ಲೇಬಲ್‌ಗಳನ್ನು ಚೌಕದ ಒಳಗೆ ತಿಳಿ ಬೂದು ಬಣ್ಣದಲ್ಲಿ ಇಟ್ಟಿದ್ದೆ, ಮತ್ತು ಬರೆಯಲು ಶುರು ಮಾಡಿದೊಡನೆ ಅವು ಮಾಯವಾಗುತ್ತಿದ್ದವು. ತಾವು ಬರೆದದ್ದನ್ನು ಪೂರ್ತಿ ಅಳಿಸಿ, ಲೇಬಲ್ ಮತ್ತೆ ಕಂಡ ಮೇಲೆ ಅದನ್ನೇ ಮರಳಿ ಬರೆದರು.

ಮೂರನೆಯವರದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅರ್ಜಿಯ ಕೊನೆಯಲ್ಲಿ ‘ಸಲ್ಲಿಸಿ’ ಮತ್ತು ‘ಅಳಿಸಿ’ ಎಂಬ ಎರಡು ಬಟನ್‌ಗಳಿದ್ದವು. ಒಂದೇ ಅಳತೆ, ಒಂದೇ ಬಣ್ಣ, ನಡುವೆ ಬೆರಳಗಲದ ಜಾಗವೂ ಇಲ್ಲ. ಅವರು ಪೂರ್ತಿ ತುಂಬಿ, ಒಮ್ಮೆ ಮೇಲಿಂದ ಕೆಳಗೆ ಓದಿ ನೋಡಿ, ಸಮಾಧಾನದಿಂದ ಬಲಗಡೆಯದನ್ನು ಒತ್ತಿದರು. ಎಲ್ಲ ಚೌಕಗಳೂ ಒಮ್ಮೆಲೇ ಖಾಲಿಯಾದವು. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ‘ಕ್ಷಮಿಸಿ, ನನ್ನದೇ ತಪ್ಪು, ಸರಿಯಾಗಿ ನೋಡಲಿಲ್ಲ’ ಎಂದರು. ಬಟನ್ ಇಟ್ಟವನು ನಾನು, ಕ್ಷಮೆ ಕೇಳಿದವರು ಅವರು. ನಾನು ಕಂಡಂತೆ ಹೀಗೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವವರೇ ಹೆಚ್ಚು. ದೂರು ಬರೆದು ಕಳಿಸುವವರು ಅವರಲ್ಲಿ ಕೆಲವರು ಮಾತ್ರ.

ತಿದ್ದುವಾಗ ಒಂದು ಕಟ್ಟಳೆ ಹಾಕಿಕೊಂಡೆ: ಒಂದೊಂದು ಸೂಚನೆಯನ್ನೂ ತೆಗೆಯಬೇಕು, ಅದು ಹೇಳುತ್ತಿದ್ದುದನ್ನು ಪುಟವೇ ಮಾಡಬೇಕು. ಸಂಖ್ಯೆಯ ನಡುವಿನ ಜಾಗವನ್ನು ತೆಗೆದುಹಾಕಲು ಒಂದೇ ಸಾಲಿನ ಕೋಡ್ ಸಾಕಾಯಿತು. ಇಷ್ಟು ದಿನ ಯಂತ್ರದ ಕೆಲಸವನ್ನು ಜನರಿಂದ ಮಾಡಿಸುತ್ತಿದ್ದೆ. ಲೇಬಲ್‌ಗಳನ್ನು ಚೌಕಗಳ ಮೇಲಕ್ಕೆ ತಂದೆ. ‘ಅಳಿಸಿ’ ಬಟನ್ ಯಾರಿಗೂ ಬೇಕಿರಲಿಲ್ಲ, ತೆಗೆದೆ. ಎರಡು ಸಲ ಒತ್ತುವವರ ಕಾರಣವೂ ತಿಳಿಯಿತು: ಸುಮಾರು ಒಂದು ಸೆಕೆಂಡಿಗಿಂತ ತಡವಾದರೆ ಮನುಷ್ಯನ ಯೋಚನೆಯ ಓಟ ಕಡಿಯುತ್ತದೆ, ಹತ್ತು ಸೆಕೆಂಡು ಮೀರಿದರೆ ಗಮನವೇ ಬೇರೆಡೆಗೆ ಹೋಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ನನ್ನ ಸರ್ವರ್ ಮೂರು ನಾಲ್ಕು ಸೆಕೆಂಡು ಮೌನವಾಗಿರುತ್ತಿತ್ತು. ಈಗ ಒತ್ತಿದ ಕ್ಷಣವೇ ಬಟನ್ ‘ಕಳುಹಿಸಲಾಗುತ್ತಿದೆ’ ಎಂದು ಬದಲಾಗುತ್ತದೆ ಮತ್ತು ಎರಡನೆಯ ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತಪ್ಪಿನ ಸಂದೇಶವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಒಲೆಯ ನಾಲ್ಕು ಬರ್ನರ್‌ಗಳು ಚೌಕವಾಗಿರುತ್ತವೆ, ತಿರುಪುಗಳು ಮಾತ್ರ ಒಂದೇ ಸಾಲಿನಲ್ಲಿ. ಯಾವ ತಿರುಪು ಯಾವ ಬರ್ನರ್‌ನದು ಎಂದು ವರ್ಷಗಟ್ಟಲೆ ಬಳಸಿದವರೂ ಬಗ್ಗಿ ನೋಡುತ್ತಾರೆ. 1959ರಲ್ಲಿ ಚಪಾನಿಸ್ ಮತ್ತು ಲಿಂಡೆನ್‌ಬಾಮ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದ್ದರು. ಹಿಂದಿನ ಮತ್ತು ಮುಂದಿನ ಬರ್ನರ್‌ಗಳನ್ನು ತುಸು ಪಕ್ಕಕ್ಕೆ ಸರಿಸಿ, ಒಂದೊಂದೂ ತನ್ನ ತಿರುಪಿನ ನೇರಕ್ಕೆ ಬರುವಂತೆ ಜೋಡಿಸಿದಾಗ ತಪ್ಪುಗಳೇ ಆಗಲಿಲ್ಲ. ನನ್ನ ಪುಟದಲ್ಲಿಯೂ ಆದದ್ದು ಅದೇ ಕೆಲಸ: ತಪ್ಪು ಯಾವ ಚೌಕದ್ದೋ ಅದರ ಕೆಳಗೇ ಸಂದೇಶ, ಅದೂ ‘ಅಮಾನ್ಯ’ ಎಂದಲ್ಲ, ‘ಎರಡು ಅಂಕಿಗಳು ಕಡಿಮೆ ಇವೆ’ ಎಂದು. ಚೌಕದ ಅಂಚು ಕೆಂಪಾಗುವುದರ ಜೊತೆಗೆ ಪಕ್ಕದಲ್ಲಿ ಒಂದು ಗುರುತನ್ನೂ ಇಟ್ಟೆ, ಏಕೆಂದರೆ ಕೆಂಪು–ಹಸಿರಿನ ಭೇದ ಸರಿಯಾಗಿ ಕಾಣದ ಜನ, ಅದರಲ್ಲೂ ಗಂಡಸರು, ಕಡಿಮೆಯೇನಿಲ್ಲ.

ಬೂದು ಬಣ್ಣವನ್ನು ಬಿಡಲು ಮಾತ್ರ ಮನಸ್ಸು ಬರಲಿಲ್ಲ. ನನ್ನ ದೊಡ್ಡ ಪರದೆಯಲ್ಲಿ ಅದು ಬಲು ಚೆನ್ನಾಗಿ ಕಾಣುತ್ತಿತ್ತು. ಕೊನೆಗೆ ಫೋನ್ ಹಿಡಿದು ಮಧ್ಯಾಹ್ನದ ಬಿಸಿಲಿಗೆ ಹೋಗಿ ನಿಂತು ನೋಡಿದೆ, ಅಕ್ಷರಗಳೇ ಇರಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5:1 ಇರಬೇಕೆಂದು ಜಾಲತಾಣಗಳ ಸುಗಮ್ಯತೆಯ ಮಾರ್ಗಸೂಚಿ 2008ರಿಂದಲೂ ಹೇಳುತ್ತಿದೆ. ನನ್ನದು 3:1ನ್ನೂ ಮುಟ್ಟಿರಲಿಲ್ಲ.

ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಹುಟ್ಟಿದ ದಿನಾಂಕಕ್ಕೆ ಒಂದು ಅಂದವಾದ ಕ್ಯಾಲೆಂಡರ್ ಜೋಡಿಸಿ ಬೀಗಿದ್ದೆ. ಅದು ತೆರೆಯುತ್ತಿದ್ದುದು ಇಂದಿನ ತಿಂಗಳಿಗೆ, ಹಿಂದೆ ಹೋಗುತ್ತಿದ್ದುದು ಒಂದು ಒತ್ತಿಗೆ ಒಂದು ತಿಂಗಳು. ಎರಡನೆಯ ಸುತ್ತಿನಲ್ಲಿ ಕುಳಿತ ಅರವತ್ತೈದು ವರ್ಷದವರೊಬ್ಬರು ತಾಳ್ಮೆಯಿಂದ ಒತ್ತತೊಡಗಿದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: 780 ಸಲ. ಈಗ ಅಲ್ಲಿ ದಿನ, ತಿಂಗಳು, ವರ್ಷ ಎಂಬ ಮೂರು ಸಾದಾ ಚೌಕಗಳಿವೆ.

ಹನ್ನೊಂದರಲ್ಲಿ ಒಂಬತ್ತು ಸೂಚನೆಗಳು ಹೋದವು. ಉಳಿದ ಎರಡರಲ್ಲಿ ಒಂದು, ಗುರುತಿನ ದಾಖಲೆಯನ್ನು ಕೈಯಲ್ಲಿ ಇಟ್ಟುಕೊಂಡು ತುಂಬಲು ಆರಂಭಿಸಿ ಎನ್ನುವುದು. ಅದನ್ನು ಯಾವ ವಿನ್ಯಾಸವೂ ಮಾಡಿಕೊಡಲಾರದು. ಇನ್ನೊಂದು ಹೆಸರಿನದು. ಅರ್ಜಿ ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ಕೇಳುತ್ತದೆ, ಒಂದೇ ಹೆಸರಿರುವವರು ಅದನ್ನೇ ಎರಡು ಸಲ ಬರೆಯುತ್ತಾರೆ, ಇಲ್ಲವೆ ಎರಡನೆಯ ಚೌಕದಲ್ಲಿ ಒಂದು ಚುಕ್ಕೆ ಇಡುತ್ತಾರೆ. ಒಂದೇ ಚೌಕ ಮಾಡೋಣವೆಂದರೆ ಹಿಂದಿರುವ ಹಳೆಯ ಡೇಟಾಬೇಸ್ ಎರಡನ್ನು ಬೇಡುತ್ತದೆ, ಅದನ್ನು ಮುಟ್ಟಲು ನನಗೆ ಅನುಮತಿಯಿಲ್ಲ. ಸದ್ಯಕ್ಕೆ ‘ಒಂದೇ ಹೆಸರಿದ್ದರೆ ಇಲ್ಲಿ ಒಂದು ಚುಕ್ಕೆ ಇಡಿ’ ಎಂದು ಬರೆದಿಟ್ಟಿದ್ದೇನೆ. ಅದು ಚೀಟಿಯೇ ಎಂಬುದು ನನಗೆ ಗೊತ್ತಿದೆ.