ದೇಹದಾನದ ಅರ್ಜಿ ಬೀರುವಿನಲ್ಲಿದ್ದರೆ ಸಾಲದು

ಶಾಮಿಯಾನ ಹಾಕಿ, ಮೈಕ್ ಕಟ್ಟಿ, ಒಂದೇ ದಿನ ನೂರಾರು ಜನರಿಂದ ದೇಹದಾನದ ಅರ್ಜಿಗೆ ಸಹಿ ಹಾಕಿಸುವ ಪದ್ಧತಿಯನ್ನು ನಾವು ಕೈಬಿಟ್ಟಾಗ, ಇದೇ ಕೆಲಸದಲ್ಲಿರುವ ಮಂಡ್ಯ, ಮೈಸೂರಿನ ಗೆಳೆಯರು ಬೇಡ ಅಂದಿದ್ದರು. ‘ಒಂದೊಂದೇ ಮನೆಗೆ ಹೋಗಿ ಕೂತರೆ ವರ್ಷಕ್ಕೆ ಇಪ್ಪತ್ತು ಅರ್ಜಿಯೂ ಆಗಲ್ಲ’ ಅನ್ನುವುದು ಅವರ ವಾದ. ಅರ್ಜಿ ಕಮ್ಮಿಯಾದದ್ದು ನಿಜ. ಆದರೆ ಶಿಬಿರದ ಕಾಲದಲ್ಲಿ ಸಹಿ ಹಾಕಿ ತೀರಿಕೊಂಡವರಲ್ಲಿ ಹತ್ತಕ್ಕೆ ಒಬ್ಬರ ದೇಹ ಮೆಡಿಕಲ್ ಕಾಲೇಜು ಸೇರಿದ್ದರೆ ಹೆಚ್ಚು. ಈಗ ಹತ್ತಕ್ಕೆ ಆರೇಳು ಸೇರುತ್ತಿವೆ. ಬೇಡ ಅಂದವರೇ ಈಗ, ದಾನಿಯ ಮನೆಯಲ್ಲಿಡಲು ನಾವು ಮಾಡಿಕೊಡುವ ಕಾಗದಪತ್ರದ ಫೈಲ್ ತರಿಸಿಕೊಂಡು ಜೆರಾಕ್ಸ್ ಮಾಡಿಸುತ್ತಿದ್ದಾರೆ.

ಅರ್ಜಿ ಎಲ್ಲಿ ಸಿಗುತ್ತದೆ, ಫೋಟೊ ಎಷ್ಟು, ಆಧಾರ್ ಪ್ರತಿ ಎಷ್ಟು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಮೈಸೂರು ಮೆಡಿಕಲ್ ಕಾಲೇಜಾಗಲಿ, ಜೆಎಸ್‌ಎಸ್ ಆಗಲಿ, ಮಂಡ್ಯದ ಮಿಮ್ಸ್ ಆಗಲಿ, ಬಿ.ಜಿ. ನಗರದ ಆದಿಚುಂಚನಗಿರಿ ಆಗಲಿ, ಹೋಗಬೇಕಾದದ್ದು ಅಂಗರಚನಾ (ಅನಾಟಮಿ) ವಿಭಾಗಕ್ಕೆ. ಅರ್ಜಿ ಕೊಟ್ಟ ದಿನದಿಂದ ದೇಹ ಒಪ್ಪಿಸುವ ದಿನದವರೆಗೆ ಮನೆಯಲ್ಲಿ ಏನೇನು ಆಗಬೇಕು ಅನ್ನುವುದಷ್ಟೇ ನಾನು ಬರೆಯುತ್ತಿರುವುದು.

ಮೊದಲು ಸಾಕ್ಷಿ ಸಹಿ. ತೀರಿಕೊಂಡ ಮೇಲೆ ದೇಹ ವಾರಸುದಾರರ ವಶ. ಬದುಕಿದ್ದಾಗ ಏನೇ ಬರೆದಿಟ್ಟಿರಲಿ, ಮಗ ಒಲ್ಲೆ ಅಂದರೆ ಯಾವ ಕಾಲೇಜೂ ಹಠ ಮಾಡಿ ಒಯ್ಯುವುದಿಲ್ಲ. ಹಾಗಾಗಿ ಒಪ್ಪಿಕೊಂಡವರ ಸಹಿ ಹಾಕಿಸಿ ಪ್ರಯೋಜನವಿಲ್ಲ, ಅಡ್ಡ ಬರುವವರ ಸಹಿ ಬೇಕು. ‘ನಿಮ್ಮ ಮನೇಲಿ ಸಾವು ಆದಾಗ ಯಾರ ಮಾತು ನಡೆಯುತ್ತೆ?’ ಅಂತ ಮೊದಲ ಭೇಟಿಯಲ್ಲೇ ಕೇಳುತ್ತೇವೆ. ಊರಿನ ದೊಡ್ಡಪ್ಪನೋ, ಸೋದರಮಾವನೋ, ಬೆಂಗಳೂರಿನ ಅಳಿಯನೋ, ಯಾರೇ ಆಗಲಿ, ಅವರ ಸಹಿ ಬೀಳುವತನಕ ಅರ್ಜಿ ಸಲ್ಲಿಸುವುದಿಲ್ಲ. ಅಂಥವರನ್ನು ಒಪ್ಪಿಸಲು ನಾವು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ; ಎಲ್ಲರೂ ಅದನ್ನೇ ಕೇಳತೊಡಗಿದರೆ ಅದರ ಕಸುವು ಹೋಗುತ್ತದೆ.

ನಮ್ಮ ಕಡೆ ಜನ ಹಿಂಜರಿಯುವುದು ದೇಹ ಕೊಯ್ಯುತ್ತಾರೆ ಅನ್ನುವುದಕ್ಕಿಂತ ಹೆಚ್ಚಾಗಿ ‘ಮೂರನೇ ದಿನ ಹಾಲುತುಪ್ಪ ಎಲ್ಲಿಗೆ ಬಿಡೋದು? ಅಸ್ಥಿ ಬಿಡೋಕೆ ಪಶ್ಚಿಮವಾಹಿನಿಗೆ ಏನು ತಗೊಂಡು ಹೋಗೋದು?’ ಅನ್ನುವುದಕ್ಕೆ. ಇದಕ್ಕೆ ಉತ್ತರ ಸಿದ್ಧ ಇಲ್ಲದೆ ಆ ಮನೆಗೆ ಹೋಗಲೇಬೇಡಿ. ದೇಹ ಹೊರಡುವ ಮುಂಚೆ ಒಂದು ಚಿಟಿಕೆ ಕೂದಲು, ಉಗುರಿನ ತುಣುಕು ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿಸುತ್ತೇವೆ. ಕೆಲವರು ಅದನ್ನು ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಡುತ್ತಾರೆ. ಹೂಳುವ ಪದ್ಧತಿಯವರು ಜಮೀನಿನ ಮೂಲೆಯಲ್ಲಿ ಹೂತು ಅಲ್ಲೇ ಹಾಲುತುಪ್ಪ ಬಿಡುತ್ತಾರೆ. ದಹನ ಸಂಸ್ಕಾರ ಆಗಲೇಬೇಕು ಅನ್ನುವವರಿಗೆ ದರ್ಭೆಯ ಪ್ರತಿಕೃತಿ ಮಾಡಿ ನಡೆಸುವ ಕ್ರಮ ಇದೆ, ಪುರೋಹಿತರಿಗೆ ತಿಳಿದಿರುತ್ತದೆ. ಸ್ನಾನ, ವಿಭೂತಿ, ಕುಂಕುಮ, ಹಾರ ಯಾವುದಕ್ಕೂ ಕಾಲೇಜಿನವರ ಅಡ್ಡಿಯಿಲ್ಲ. ಒಡವೆ ಮಾತ್ರ ಮನೆಯಲ್ಲೇ ತೆಗೆದಿಟ್ಟುಕೊಳ್ಳಬೇಕು.

ಇನ್ನು ಕಾಲೇಜಿನವರೇ ಬೇಡ ಅನ್ನುವ ಸಂದರ್ಭ. ನಮ್ಮ ಸೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಆದದ್ದು. ದೇಹ ಕೆಡದಂತೆ ಇಡಲು ತೊಡೆಯ ಅಥವಾ ಕತ್ತಿನ ಅಪಧಮನಿಗೆ ಕೊಳವೆ ಹಾಕಿ ಫಾರ್ಮಲಿನ್ ಮಿಶ್ರಣ ಬಿಡುತ್ತಾರೆ. ಒಂದು ದೇಹಕ್ಕೆ ಸುಮಾರು ಎಂಟು ಹತ್ತು ಲೀಟರ್. ಅದು ರಕ್ತನಾಳದ ಜಾಲದಲ್ಲೇ ಹರಿದು ಬೆರಳ ತುದಿ ಮುಟ್ಟಬೇಕು. ಜಾಲ ಎಲ್ಲಾದರೂ ಹರಿದಿದ್ದರೆ ದ್ರಾವಣ ಸೋರಿಹೋಗುತ್ತದೆ. ಮರಣೋತ್ತರ ಪರೀಕ್ಷೆ ಆದ ದೇಹವನ್ನು ತೆಗೆದುಕೊಳ್ಳದಿರುವುದು ಇದಕ್ಕೇ. ಅಪಘಾತ, ಆತ್ಮಹತ್ಯೆ, ಅನುಮಾನದ ಸಾವು ಅಂದಮೇಲೆ ಪೊಲೀಸ್ ಮಹಜರು, ಮರಣೋತ್ತರ ಪರೀಕ್ಷೆ ತಪ್ಪಿದ್ದಲ್ಲ, ಅಲ್ಲಿಗೆ ದೇಹದಾನದ ಮಾತು ಮುಗಿಯಿತು. ಕಿಡ್ನಿ, ಲಿವರ್ ಕೊಟ್ಟ ಮೇಲೂ ಅದೇ ಸಮಸ್ಯೆ. ಕಣ್ಣು ಕೊಟ್ಟರೆ ಮಾತ್ರ ಏನೂ ತೊಂದರೆಯಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟ ಮೇಲಂತೂ ಕಣ್ಣಿನ ವಿಷಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಫೈಲಿನ ಮೊದಲ ಪುಟದಲ್ಲಿ ಸರದಿ ಬರೆದಿರುತ್ತದೆ: ಐಸಿಯುನಲ್ಲಿ ಮಿದುಳು ಸಾವು ಅಂತ ಘೋಷಣೆಯಾದರೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಮೂಲಕ ಅಂಗದಾನ, ಇಲ್ಲವಾದರೆ ಕಣ್ಣು ಮತ್ತು ದೇಹ.

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯ ಇದ್ದರೆ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಅಪಾಯ, ಹಾಗಾಗಿ ಬೇಡ. ಗ್ಯಾಂಗ್ರಿನ್ ಆದ ಸಕ್ಕರೆ ಕಾಯಿಲೆಯ ಕಾಲಿಗೆ ದ್ರಾವಣ ಇಳಿಯುವುದೇ ಇಲ್ಲ. ಆದರೆ ದೇಹ ನಮ್ಮ ಕೈ ತಪ್ಪುವಂತೆ ಮಾಡಿದ್ದು ಹೆಚ್ಚಾಗಿ ಬೆನ್ನುಹುಣ್ಣು. ತಿಂಗಳುಗಟ್ಟಲೆ ಮಲಗಿದಲ್ಲೇ ಇದ್ದವರಿಗೆ ಸೊಂಟದ ಕೆಳಮೂಳೆ, ಹಿಮ್ಮಡಿ, ಪೃಷ್ಠದ ಪಕ್ಕ ಚರ್ಮ ಒಡೆದು ಸೋಂಕು ಒಳಗಿಳಿದಿರುತ್ತದೆ. ಆದ್ದರಿಂದ ದೇಹದಾನದ ಕೆಲಸ ಆರೈಕೆಯಿಂದಲೇ ಶುರುವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ದಿನಕ್ಕೊಮ್ಮೆ ಬೆನ್ನು ನೋಡಬೇಕು. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಿಚಿ ಮತ್ತೆ ಕೆಂಪಾದರೆ ಸರಿ, ಒತ್ತಿದರೂ ಕೆಂಪಾಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತಲೇ ಲೆಕ್ಕ. ಅವತ್ತಿನಿಂದ ಆ ಮಗ್ಗುಲಿಗೆ ಮಲಗಿಸಬಾರದು. ಏರ್ ಬೆಡ್ ಎರಡೂವರೆ ಸಾವಿರದ ಆಸುಪಾಸಿಗೆ ಸಿಗುತ್ತದೆ. ನಾವು ಐದಾರು ಇಟ್ಟುಕೊಂಡು ಮನೆಯಿಂದ ಮನೆಗೆ ಕೊಡುತ್ತೇವೆ. ಶಿಬಿರದ ಶಾಮಿಯಾನಕ್ಕೆ ಸುರಿದ ದುಡ್ಡಿಗಿಂತ ಇದು ಸಾರ್ಥಕ. ದೇಹ ಕೊನೆಗೆ ಕಾಲೇಜಿಗೆ ಹೋಗದಿದ್ದರೂ ಆ ಜೀವ ನೋವಿಲ್ಲದೆ ಮಲಗಿರುತ್ತದೆ.

ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಲಿವಿಂಗ್ ವಿಲ್, ಇದೇ ಫೈಲಿಗೆ ಸೇರಿದ್ದೂ ಇದೇ ಕಾರಣಕ್ಕೆ. ವಾಸಿಯಾಗದ ಕಾಯಿಲೆಯವರನ್ನು ವಾರಗಟ್ಟಲೆ ವೆಂಟಿಲೇಟರ್ ಮೇಲೆ ಇಟ್ಟರೆ ಸೋಂಕು, ಹುಣ್ಣು ಎರಡೂ ಆಗುತ್ತವೆ, ಮನೆಯವರ ಜಮೀನೂ ಅಡವಾಗುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಾಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದ ಮೇಲೆ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಆದೇಶ ಹೊರಡಿಸಿತು. ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿ ನೋಡಿ ಒಪ್ಪಬೇಕು, ಒಂದೊಂದಕ್ಕೂ 48 ಗಂಟೆಯ ಒಳಗೆ ಅಂತ ಗುರಿ ಇಟ್ಟಿದ್ದಾರೆ. ‘ಹೆಚ್ಚು ಚಿಕಿತ್ಸೆ ಬೇಡ’ ಅಂತ ಮೊಗಮ್ಮಾಗಿ ಬರೆದ ಪತ್ರ ಕೆಲಸಕ್ಕೆ ಬರುವುದಿಲ್ಲ, ಅದನ್ನು ನೋಡಿ ಯಾವ ವೈದ್ಯರೂ ನಿರ್ಧಾರ ಮಾಡಲಾರರು. ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಉಸಿರು ತರಿಸುವುದು, ಮೂಗಿನ ಕೊಳವೆಯ ಆಹಾರ ಎಲ್ಲಕ್ಕೂ ಬೇರೆ ಬೇರೆ ಸಾಲಿನಲ್ಲಿ ಬೇಕು, ಬೇಡ ಬರೆಸುತ್ತೇವೆ. ನೋವು ಕಡಿಮೆ ಮಾಡುವ ಔಷಧಿ ಮಾತ್ರ ಯಾವ ಸ್ಥಿತಿಯಲ್ಲೂ ಬೇಕು ಅಂತ ಕೊನೆಯ ಸಾಲು. ತನಗೆ ಮಾತಾಡಲು ಆಗದಿದ್ದಾಗ ಯಾರು ಹೇಳಬೇಕು ಅನ್ನುವುದಕ್ಕೆ ಎರಡು ಹೆಸರು. ಒಂದೇ ಹೆಸರಾದರೆ ಆ ಮನುಷ್ಯ ದುಬೈನಲ್ಲಿದ್ದಾಗ ಫಜೀತಿ.

ಮನೆಯಲ್ಲೇ ಸಾವಾದರೆ ದೊಡ್ಡ ತೊಡಕು ವೈದ್ಯರ ಪ್ರಮಾಣಪತ್ರದ್ದು. ಸಾವಿನ ಕಾರಣ ಬರೆದ ನಮೂನೆ 4ಎ ಇಲ್ಲದೆ ವಿಭಾಗದವರು ದೇಹ ಮುಟ್ಟುವುದಿಲ್ಲ. ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರೇ ಅದನ್ನು ಕೊಡಬೇಕು, ಮುಖಪರಿಚಯ ಇಲ್ಲದ ಡಾಕ್ಟರನ್ನು ರಾತ್ರಿ ಎಬ್ಬಿಸಿದರೆ ಯಾರೂ ಬರೆಯುವುದಿಲ್ಲ. ಹಾಸಿಗೆ ಹಿಡಿದವರನ್ನು ಊರಿನ ವೈದ್ಯರೊಬ್ಬರು ಹದಿನೈದು ದಿನಕ್ಕೊಮ್ಮೆ ಬಂದು ನೋಡಿ ಚೀಟಿ ಬರೆಯುವಂತೆ ಮಾಡಿಕೊಳ್ಳುವುದೇ ಇದಕ್ಕೆ ದಾರಿ. ಭೇಟಿಗೆ ಮುನ್ನೂರೋ ನಾನೂರೋ ಆಗುತ್ತದೆ. ಈ ಒಂದು ಖರ್ಚಿಗೆ ಹಿಂದೆಮುಂದೆ ನೋಡಿದ ಮನೆಗಳಲ್ಲೇ ಕೊನೆ ಗಳಿಗೆಯಲ್ಲಿ ದೇಹ ಸ್ಮಶಾನಕ್ಕೆ ಹೋಗಿದೆ.

ಉಸಿರು ನಿಂತ ಮೇಲೆ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮನೆಯವರಿಂದ ಮೊದಲೇ ಒಮ್ಮೆ ಮಾಡಿಸಿ ನೋಡುತ್ತೇವೆ. ಒಬ್ಬರು ವೈದ್ಯರಿಗೆ, ಒಬ್ಬರು ಕಣ್ಣಿನ ಬ್ಯಾಂಕಿಗೆ, ಒಬ್ಬರು ಅಂಗರಚನಾ ವಿಭಾಗಕ್ಕೆ. ಕಣ್ಣಿಗೆ ಆರು ಗಂಟೆಯ ಗಡುವು. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆಗೆ ದಿಂಬು ಕೊಡಬೇಕು. ಕಣ್ಣಿನ ಬ್ಯಾಂಕಿನವರು ಬಂದು ಕೆಲಸ ಮುಗಿಸಲು ಅರ್ಧ ಗಂಟೆ ಸಾಕು. ವಿಭಾಗದ ನಂಬರ್ ಒಂದೇ ಇಟ್ಟುಕೊಳ್ಳಬೇಡಿ. ಭಾನುವಾರ, ಹಬ್ಬದ ರಜೆಯಲ್ಲಿ ಒಂದು ಕಡೆ ಯಾರೂ ಎತ್ತುವುದಿಲ್ಲ. ನಮ್ಮ ಫೈಲಿನಲ್ಲಿ ಮೂರು ಕಾಲೇಜಿನ ನಂಬರ್ ಇರುತ್ತದೆ, ಅದರಲ್ಲೊಂದು ಆಯುರ್ವೇದ ಕಾಲೇಜಿನ ರಚನಾ ಶಾರೀರ ವಿಭಾಗದ್ದು. ಅಲ್ಲಿನ ಮಕ್ಕಳೂ ದೇಹ ಬಿಡಿಸಿಯೇ ಕಲಿಯಬೇಕು, ಇದು ನಮ್ಮಲ್ಲಿ ಬಹಳ ಜನರ ಲೆಕ್ಕಕ್ಕೇ ಬರುವುದಿಲ್ಲ.

ದೂರದ ಮಗಳು ಬರುವತನಕ ಕಾಯಬೇಕಾದರೆ ಫ್ರೀಜರ್ ಬಾಕ್ಸ್. ದಿನದ ಬಾಡಿಗೆ ಮೂರು ಸಾವಿರದ ಆಸುಪಾಸು, ಕರೆಂಟ್ ಹೋಗುವ ಹಳ್ಳಿಯಾದರೆ ಜನರೇಟರ್ ಬಾಡಿಗೆ ಬೇರೆ. ಐಸ್ ಗಡ್ಡೆ ಜೋಡಿಸಿ ನೋಡಿದೆವು. ಬೇಸಿಗೆಯಲ್ಲಿ ಹೊಟ್ಟೆಯ ಭಾಗ ತಣಿಯುವುದೇ ಇಲ್ಲ, ಕೆಡುವುದು ಮೊದಲು ಅಲ್ಲಿಂದಲೇ. ಕರಗಿದ ನೀರು ನಿಂತು ಬೆನ್ನಿನ ಚರ್ಮ ಸುಲಿಯುತ್ತದೆ. ಐಸ್ ಬೇಡವೇ ಬೇಡ. ಮಂಡ್ಯದಿಂದ ಮೈಸೂರಿಗೆ ಆಂಬುಲೆನ್ಸ್ ಎರಡೂವರೆಯಿಂದ ಮೂರೂವರೆ ಸಾವಿರ, ರಾತ್ರಿಯಾದರೆ ಇನ್ನೂ ಐನೂರು. ನೋಟರಿ, ಛಾಪಾ ಕಾಗದ ಎಲ್ಲ ಸೇರಿ ಆರೇಳು ನೂರು. ಒಟ್ಟು ಏಳೆಂಟು ಸಾವಿರದೊಳಗೆ ಮುಗಿಯುತ್ತದೆ. ಆ ದುಡ್ಡನ್ನು ಲಕೋಟೆಯಲ್ಲಿ ಹಾಕಿ ಫೈಲಿನೊಳಗೇ ಇಡಿಸುತ್ತೇವೆ, ಸಾವಿನ ಮನೆಯಲ್ಲಿ ‘ಯಾರು ಕೊಡೋದು’ ಅನ್ನುವ ಮಾತೇ ಏಳಬಾರದು.

ಇನ್ನೊಂದು ಪ್ರಯೋಗವೂ ನಡೆದಿದೆ. ದಾನಿಯ ಮಾತನ್ನು ಅವರ ದನಿಯಲ್ಲೇ ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಸುವುದು. ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೂ ಅಂಗಳದಲ್ಲಿ ಜಗಳ ಎದ್ದಾಗ ‘ನನ್ ಮಾತು ನಡೆಸ್ಕೊಡ್ರಪ್ಪ’ ಅನ್ನುವ ಆ ದನಿ ಕೇಳಿಸಿದರೆ ನೆಂಟರು ಮೆತ್ತಗಾಗುತ್ತಾರೆ. ಯಾವಾಗ ಕೇಳಿಸಬೇಕು, ಯಾರ ಕೈಲಿ ಕೇಳಿಸಬೇಕು ಅನ್ನುವುದನ್ನು ನಿಮ್ಮ ನಿಮ್ಮ ಊರಲ್ಲಿ ನೀವೇ ಕಂಡುಕೊಳ್ಳಿ.

ದೇಹ ಒಪ್ಪಿಸಿದಾಗ ವಿಭಾಗದ ಮೊಹರು ಇರುವ ಸ್ವೀಕೃತಿ ಪತ್ರ ಕೈಗೆ ಬರದೆ ಹೊರಡಬೇಡಿ. ಸ್ಮಶಾನದ ಚೀಟಿ ಇರುವುದಿಲ್ಲವಾದ್ದರಿಂದ ಮರಣ ನೋಂದಣಿಯಲ್ಲಿ ತೋರಿಸಲು ಇದೇ ದಾಖಲೆ. ನೋಂದಣಿ 21 ದಿನದೊಳಗೆ ಆಗಬೇಕು. ಸ್ವೀಕೃತಿ ಪತ್ರದಲ್ಲಿ, 4ಎ ನಮೂನೆಯಲ್ಲಿ, ಆಧಾರ್‌ನಲ್ಲಿ ಹೆಸರು ಮತ್ತು ಇನಿಷಿಯಲ್ ಒಂದೇ ಥರ ಇದೆಯೇ ಅಂತ ಅಲ್ಲೇ ಮೇಜಿನ ಮುಂದೆ ನಿಂತು ಓದಿ ನೋಡಿ. ‘ಸಿದ್ದೇಗೌಡ’ ಒಂದರಲ್ಲಿ, ‘ಸಿದ್ಧೇಗೌಡ’ ಇನ್ನೊಂದರಲ್ಲಿ ಅಂತಾದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹೋದಾಗ ತಾಲ್ಲೂಕು ಕಚೇರಿಯಲ್ಲಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.